ಕಂಪೈಲರ್‌ಗೆ ಪ್ರೊಸೆಸರ್ ಹೆಸರು ಹೇಳುವ ಮುನ್ನ

64-ಬಿಟ್ ಎಕ್ಸ್86 ಯಂತ್ರದಲ್ಲಿ ಏನೂ ಹೇಳದೆ ಜಿಸಿಸಿಗೆ (ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್) ಕೋಡ್ ಕೊಟ್ಟರೆ ಅದು ಸಾಮಾನ್ಯವಾಗಿ 2003ರ ಪ್ರೊಸೆಸರ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತದೆ. ಎಎಂಡಿಯ ಮೊದಲ ಆಪ್ಟೆರಾನ್ ಬಂದ ವರ್ಷ ಅದು. ಆ ಚಿಪ್‌ನಲ್ಲಿ ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಇನ್‌ಸ್ಟ್ರಕ್ಷನ್‌ಗಳ (ಪ್ರೊಸೆಸರ್‌ಗೆ ಕೊಡುವ ಆಜ್ಞೆಗಳ) ಗುಂಪಾದ ಎಸ್‌ಎಸ್‌ಇ2 ಇತ್ತು, ಅದರಾಚೆಗೆ ಹೆಚ್ಚೇನೂ ಇರಲಿಲ್ಲ. ನಿಮ್ಮ ಮೇಜಿನ ಮೇಲಿರುವ ಯಂತ್ರದಲ್ಲಿ ಒಂದೇ ಏಟಿಗೆ ಎಂಟು ಫ್ಲೋಟ್‌ಗಳನ್ನು (ದಶಮಾಂಶ ಸಂಖ್ಯೆಗಳನ್ನು) ಕೂಡಿಸುವ ಎವಿಎಕ್ಸ್ ಇದ್ದರೂ ಕಂಪೈಲರ್ ಅದನ್ನು ಮುಟ್ಟುವುದಿಲ್ಲ. ಮುಟ್ಟಲು ಅದಕ್ಕೆ ಅಪ್ಪಣೆ ಬೇಕು. ಆ ಅಪ್ಪಣೆಯೇ ‘-ಎಂಆರ್ಚ್’.

(ಆಯ್ಕೆಗಳನ್ನೂ ಕಮಾಂಡ್‌ಗಳನ್ನೂ ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ಆಯ್ಕೆಗಳನ್ನು ಸಣ್ಣಕ್ಷರಗಳಲ್ಲಿ ಟೈಪಿಸಬೇಕು. ‘-ಓ2’, ‘-ಓ3’, ‘-ಕ್ಯೂ’ಗಳ ಅಕ್ಷರ ಮಾತ್ರ ದೊಡ್ಡದು. ಸಿಫ್ಲ್ಯಾಗ್ಸ್, ವಿ, ವರ್ಬೋಸ್‌ನಂಥ ವೇರಿಯಬಲ್ ಹೆಸರುಗಳೂ ಪೂರ್ತಿ ದೊಡ್ಡಕ್ಷರ.)

ಅಪ್ಪಣೆ ಕೊಡುವುದು ಸುಲಭ. ಆದರೆ ಕೊಟ್ಟ ಮೇಲೆ ಅದು ಒಂದು ಮಾತಾಗುತ್ತದೆ: ‘ಈ ಪ್ರೋಗ್ರಾಂ ಓಡುವ ಪ್ರತಿ ಯಂತ್ರದಲ್ಲೂ ಈ ಇನ್‌ಸ್ಟ್ರಕ್ಷನ್‌ಗಳು ಇದ್ದೇ ಇರುತ್ತವೆ’ ಎಂದು ನೀವು ಕಂಪೈಲರ್‌ಗೆ ಕೊಟ್ಟ ಮಾತು. ಕಂಪೈಲರ್ ಅದನ್ನು ನಂಬುತ್ತದೆ, ಮತ್ತೆ ಪರೀಕ್ಷಿಸುವುದಿಲ್ಲ. ಮಾತು ತಪ್ಪಿದರೆ ಕೆಲವೊಮ್ಮೆ ಪ್ರೋಗ್ರಾಂ ಧಡಕ್ಕನೆ ಬೀಳುತ್ತದೆ. ಕೆಲವೊಮ್ಮೆ ಬೀಳದೆ ತಪ್ಪು ಉತ್ತರ ಕೊಡುತ್ತದೆ. ಎರಡನೆಯದರ ಬಗ್ಗೆ ಮುಂದೆ ವಿವರವಾಗಿ ನೋಡೋಣ, ಏಕೆಂದರೆ ಅದನ್ನು ಹೇಳುವವರು ಕಡಿಮೆ.

ಆರ್ಚ್, ಟ್ಯೂನ್, ಸಿಪಿಯು

ಎಕ್ಸ್86ನಲ್ಲಿ ‘-ಎಂಆರ್ಚ್’ ಯಾವ ಇನ್‌ಸ್ಟ್ರಕ್ಷನ್ ಬಳಸಬಹುದು ಎಂಬುದನ್ನು ತೀರ್ಮಾನಿಸುತ್ತದೆ. ‘-ಎಂಟ್ಯೂನ್’ ಹಾಗಲ್ಲ. ಇರುವ ಇನ್‌ಸ್ಟ್ರಕ್ಷನ್‌ಗಳನ್ನೇ ಯಾವ ಕ್ರಮದಲ್ಲಿ ಜೋಡಿಸಿದರೆ ಯಾವ ಚಿಪ್‌ಗೆ ಹಿತ ಎಂಬುದಷ್ಟೇ ಅದರ ವಿಚಾರ. ಟ್ಯೂನ್ ತಪ್ಪಿದರೆ ಪ್ರೋಗ್ರಾಂ ಸ್ವಲ್ಪ ನಿಧಾನವಾದೀತು, ಬೀಳುವುದಿಲ್ಲ. ಆರ್ಚ್ ತಪ್ಪಿದರೆ ಬೀಳಬಹುದು. ‘-ಎಂಆರ್ಚ್=ಹ್ಯಾಸ್ವೆಲ್’ (ಹ್ಯಾಸ್ವೆಲ್ ಇಂಟೆಲ್‌ನ ಒಂದು ಚಿಪ್ ಪೀಳಿಗೆ) ಎಂದರೆ ಟ್ಯೂನ್ ಕೂಡ ತಾನಾಗಿ ಹ್ಯಾಸ್ವೆಲ್‌ಗೇ ಹೋಗುತ್ತದೆ; ಬೇರೆ ಬೇಕಿದ್ದರೆ ಮಾತ್ರ ಬೇರೆಯಾಗಿ ಹೇಳಬೇಕು.

‘-ಎಂಸಿಪಿಯು’ ವಿಷಯದಲ್ಲಿ ಎಡವುವವರು ಹೆಚ್ಚು. ಎಕ್ಸ್86ನ ಜಿಸಿಸಿಯಲ್ಲಿ ಅದು ‘-ಎಂಟ್ಯೂನ್’ಗೆ ಹಳೆಯ, ಈಗ ಬಳಸಬಾರದ ಹೆಸರು. 64-ಬಿಟ್ ಆರ್ಮ್‌ನಲ್ಲಿ ಅದೇ ಆಯ್ಕೆ ಆರ್ಚ್, ಟ್ಯೂನ್ ಎರಡನ್ನೂ ಒಟ್ಟಿಗೆ ನಿಗದಿ ಮಾಡುತ್ತದೆ, ಅಲ್ಲಿ ಬಳಸಬೇಕಾದದ್ದೂ ಅದನ್ನೇ. ಪವರ್‌ಪಿಸಿಯಲ್ಲೂ ‘-ಎಂಸಿಪಿಯು’ವೇ. ಎಲ್ಲಿಂದಲೋ ನಕಲು ಮಾಡಿ ತಂದ ಫ್ಲ್ಯಾಗ್ (ಇಂಥ ಆಯ್ಕೆಗಳ) ಸಾಲು ಮೊದಲು ಯಾವ ಆರ್ಕಿಟೆಕ್ಚರ್‌ಗೆ ಬರೆದದ್ದು ಎಂದು ನೋಡಿ.

ನಾಲ್ಕು ಮೆಟ್ಟಿಲು

ಒಂದೊಂದು ಚಿಪ್ ಹೆಸರನ್ನು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಿಸಲು 2020ರಲ್ಲಿ ಎಕ್ಸ್86-64ಕ್ಕೆ ಹಂತಗಳನ್ನು ಗೊತ್ತುಮಾಡಲಾಯಿತು. ಮೊದಲ ಹಂತ ಮೇಲೆ ಹೇಳಿದ 2003ರ ಬುಡ. ‘ವಿ2’ ಎಂದರೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಇತ್ಯಾದಿ ಸೇರಿದ, ಹೆಚ್ಚುಕಡಿಮೆ 2008ರ ಇಂಟೆಲ್ ನೆಹಾಲೆಮ್. ‘ವಿ3’ಯಲ್ಲಿ ಎವಿಎಕ್ಸ್, ಎವಿಎಕ್ಸ್2, ಎಫ್‌ಎಂಎ, ಬಿಎಂಐ, ಎಲ್‌ಝಡ್‌ಕೌಂಟ್ ಬರುತ್ತವೆ, ಅಂದರೆ 2013ರ ಹ್ಯಾಸ್ವೆಲ್. ‘ವಿ4’ ಎವಿಎಕ್ಸ್-512ರ ಐದು ತುಣುಕುಗಳನ್ನು ಕೇಳುತ್ತದೆ. ಜಿಸಿಸಿ 11 ಮತ್ತು ಇನ್ನೊಂದು ಕಂಪೈಲರ್ ಕ್ಲಾಂಗ್‌ನ 12ನೇ ಆವೃತ್ತಿಯಿಂದ ‘-ಎಂಆರ್ಚ್=ಎಕ್ಸ್86-64-ವಿ3’ ಎಂದೇ ಬರೆಯಬಹುದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ‘ವಿ2’ವನ್ನೂ 10 ‘ವಿ3’ವನ್ನೂ ಕನಿಷ್ಠ ಅಗತ್ಯ ಮಾಡಿಕೊಂಡಿವೆ.

ನಿಮ್ಮ ಯಂತ್ರ ಯಾವ ಮೆಟ್ಟಿಲಿನಲ್ಲಿದೆ? ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ 2.33 ಅಥವಾ ಹೊಸತು ಇದ್ದರೆ, ಪ್ರೋಗ್ರಾಂಗಳನ್ನು ಮೆಮೊರಿಗೆ ಏರಿಸುವ ಡೈನಾಮಿಕ್ ಲೋಡರ್‌ಗೇ ‘--ಹೆಲ್ಪ್’ ಕೊಟ್ಟು ಓಡಿಸಿ. ಕೊನೆಯಲ್ಲಿ ಯಾವ ಹಂತ ‘ಸಪೋರ್ಟೆಡ್’ ಎಂದು ಅದೇ ಪಟ್ಟಿ ಕೊಡುತ್ತದೆ. ಪ್ರಾಕ್ ಫೈಲ್‌ಸಿಸ್ಟಮ್‌ನ ಸಿಪಿಯುಇನ್ಫೋದಲ್ಲಿ ಕಣ್ಣಾಡಿಸುವುದೂ ಆಗುತ್ತದೆ, ಆದರೆ ಅಲ್ಲಿ ಹೆಸರುಗಳು ಬೇರೆ: ಎಸ್‌ಎಸ್‌ಇ3 ಅಲ್ಲಿ ‘ಪಿಎನ್‌ಐ’, ಎಲ್‌ಝಡ್‌ಕೌಂಟ್ ಅಲ್ಲಿ ‘ಎಬಿಎಂ’. ಹುಡುಕಿ ಸಿಗಲಿಲ್ಲ ಎಂದು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ.

ಹೊಸ ಚಿಪ್ ಎಂದರೆ ಮೇಲಿನ ಮೆಟ್ಟಿಲು ಎಂಬ ಭರವಸೆಯೂ ಇಲ್ಲ. ಹ್ಯಾಸ್ವೆಲ್ ಕಾಲದ ಪೆಂಟಿಯಮ್, ಸೆಲೆರಾನ್‌ಗಳಲ್ಲಿ ಇಂಟೆಲ್ ಎವಿಎಕ್ಸ್ ಅನ್ನು ಮುಚ್ಚಿಟ್ಟಿತ್ತು. ಅವು ಹೆಸರಿಗೆ ಹ್ಯಾಸ್ವೆಲ್, ‘-ಎಂಆರ್ಚ್=ಹ್ಯಾಸ್ವೆಲ್’ ಬೈನರಿ (ಕಂಪೈಲ್ ಆದ ಪ್ರೋಗ್ರಾಂ) ಮಾತ್ರ ಅಲ್ಲಿ ಓಡದು. 2017ರ ಕೊನೆಯಲ್ಲಿ ಬಂದ ಜೆಮಿನಿ ಲೇಕ್ ಚಿಪ್‌ಗಳಲ್ಲೂ ಎವಿಎಕ್ಸ್ ಇಲ್ಲ. 2021ರ ಆಲ್ಡರ್ ಲೇಕ್‌ನಲ್ಲಿ ಸಣ್ಣ ಕೋರ್‌ಗಳಿಗೆ ಎವಿಎಕ್ಸ್-512 ಗೊತ್ತಿರಲಿಲ್ಲವಾದ್ದರಿಂದ ಇಂಟೆಲ್ ದೊಡ್ಡ ಕೋರ್‌ಗಳಲ್ಲೂ ಅದನ್ನು ನಿಲ್ಲಿಸಿತು. ಎಎಂಡಿ ಕಡೆಯ ಕಥೆ ಇನ್ನೂ ವಿಚಿತ್ರ: ಬುಲ್ಡೋಜರ್ ಪೀಳಿಗೆಯಲ್ಲಿದ್ದ ಎಕ್ಸ್‌ಒಪಿ, ಎಫ್‌ಎಂಎ4 ಇನ್‌ಸ್ಟ್ರಕ್ಷನ್‌ಗಳು ಝೆನ್ ಬರುವಾಗ ಪಟ್ಟಿಯಿಂದಲೇ ಹೋದವು. ಬುಲ್ಡೋಜರ್ ಪೀಳಿಗೆಗೆಂದು ‘-ಎಂಆರ್ಚ್=ಬಿಡಿವೆರ್2’ ಹಾಕಿ ಕಟ್ಟಿದ್ದು ಅದಕ್ಕಿಂತ ಎಷ್ಟೋ ವೇಗದ ಝೆನ್ ಮೇಲೆ ಸಾಯಬಹುದು.

ನೇಟಿವ್ ಎಂದರೆ ನಿಜಕ್ಕೂ ಏನು

‘-ಎಂಆರ್ಚ್=ನೇಟಿವ್’ ಕೊಟ್ಟರೆ ಕಂಪೈಲರ್ ತಾನು ಓಡುತ್ತಿರುವ ಪ್ರೊಸೆಸರನ್ನು ಸಿಪಿಯುಐಡಿ (ಚಿಪ್ ತನ್ನ ಗುರುತು ಹೇಳುವ ಇನ್‌ಸ್ಟ್ರಕ್ಷನ್) ಮೂಲಕ ವಿಚಾರಿಸಿ, ಸಿಕ್ಕ ಉತ್ತರವನ್ನು ಉದ್ದದ ಫ್ಲ್ಯಾಗ್ ಪಟ್ಟಿಯಾಗಿ ಬಿಡಿಸಿಕೊಳ್ಳುತ್ತದೆ. ಎವಿಎಕ್ಸ್ ಇಲ್ಲದ ಪೆಂಟಿಯಮ್‌ನಲ್ಲೂ ಅದು ಸರಿಯಾಗಿ ‘-ಎಂನೋ-ಎವಿಎಕ್ಸ್’ ಸೇರಿಸುತ್ತದೆ. ಆದ್ದರಿಂದ ಕಟ್ಟಿದ ಯಂತ್ರದಲ್ಲೇ ಓಡಿಸುವುದಾದರೆ ಚಿಪ್ ಹೆಸರನ್ನು ಊಹಿಸಿ ಬರೆಯುವುದಕ್ಕಿಂತ ನೇಟಿವ್ ಮೇಲು. ಒಳಗೆ ಏನಾಯಿತೆಂದು ನೋಡಲು:

ಜಿಸಿಸಿ -ಎಂಆರ್ಚ್=ನೇಟಿವ್ -ಕ್ಯೂ --ಹೆಲ್ಪ್=ಟಾರ್ಗೆಟ್

ಇದರಲ್ಲಿ ‘-ಎಂಆರ್ಚ್=’ ಸಾಲಿನ ಎದುರು ಅದು ಗುರುತಿಸಿದ ಹೆಸರು, ಕೆಳಗೆ ಒಂದೊಂದು ಇನ್‌ಸ್ಟ್ರಕ್ಷನ್ ಗುಂಪಿನ ಎದುರು ‘ಎನೇಬಲ್ಡ್’ ಅಥವಾ ‘ಡಿಸೇಬಲ್ಡ್’ ಕಾಣುತ್ತದೆ. ಬಿಡಿಸಿದ ಪೂರ್ತಿ ಸಾಲು ಬೇಕಿದ್ದರೆ ಖಾಲಿ ಸಿ ಕಡತವೊಂದಕ್ಕೆ ‘-ಎಂಆರ್ಚ್=ನೇಟಿವ್’ ಜೊತೆ ‘-###’ ಕೊಡಿ; ಜಿಸಿಸಿ ಏನನ್ನೂ ಕಂಪೈಲ್ ಮಾಡದೆ ತಾನು ಓಡಿಸಲಿದ್ದ ಕಮಾಂಡನ್ನು ಮುದ್ರಿಸುತ್ತದೆ. ಅಲ್ಲಿ ಎಲ್1, ಎಲ್2 ಕ್ಯಾಶ್ ಗಾತ್ರಗಳೂ ‘--ಪ್ಯಾರಮ್’ಗಳಾಗಿ ಹೋಗಿರುವುದು ಕಾಣುತ್ತದೆ. ‘ನೇಟಿವ್’ ಮತ್ತು ‘ಸ್ಕೈಲೇಕ್’ (ಇಂಟೆಲ್‌ನ ಇನ್ನೊಂದು ಪೀಳಿಗೆ) ಒಂದೇ ಚಿಪ್‌ನಲ್ಲೂ ಅಕ್ಷರಶಃ ಒಂದೇ ಅಲ್ಲದಿರುವುದು ಇದರಿಂದ. ಕ್ಲಾಂಗ್‌ನಲ್ಲೂ ‘-###’ ಇದೆ, ಅಲ್ಲಿ ‘-ಟಾರ್ಗೆಟ್-ಸಿಪಿಯು’ ಹುಡುಕಿ.

ಈಗ ತೊಂದರೆಯ ಭಾಗ. ನೇಟಿವ್ ಎಂದರೆ ‘ನನ್ನ ಯಂತ್ರ’ ಅಲ್ಲ, ‘ಕಂಪೈಲರ್ ಈ ಕ್ಷಣ ಓಡುತ್ತಿರುವ ಯಂತ್ರ’. ಬಿಲ್ಡ್ ಸರ್ವರ್‌ನಲ್ಲಿ ಕಟ್ಟಿದ ಕಂಟೇನರ್ ಇಮೇಜ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲದರ ಗಂಟು) ಬೇರೆ ಸರ್ವರ್‌ನಲ್ಲಿ ಏಳುವಾಗ ಅಡಿಯ ಪ್ರೊಸೆಸರ್ ಬದಲಾಗಿರುತ್ತದೆ. ಕಂಟೇನರ್ ಪ್ರೊಸೆಸರನ್ನು ಜೊತೆಗೆ ಹೊತ್ತು ತರುವುದಿಲ್ಲ. ಬಾಡಿಗೆ ಕ್ಲೌಡ್‌ನಲ್ಲಿ ಒಂದೇ ಬಗೆಯ ಇನ್‌ಸ್ಟನ್ಸ್ ಕೇಳಿದರೂ ಇವತ್ತು ಒಂದು ಪೀಳಿಗೆ, ನಾಳೆ ಇನ್ನೊಂದು ಸಿಗಬಹುದು. ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಡಿಸ್ಟ್‌ಸಿಸಿಯಂಥ ಏರ್ಪಾಡಿನಲ್ಲಿ ನೇಟಿವ್ ಹಾಗೇ ಆಚೆ ಹೋದರೆ ಆಚೆಯ ಯಂತ್ರ ತನ್ನ ಅರ್ಥ ಹಚ್ಚುತ್ತದೆ. ವರ್ಚುವಲ್ ಮಷೀನ್‌ನಲ್ಲಿ ಇದು ತಿರುವುಮುರುವು: ವರ್ಚುವಲ್ ಮಷೀನ್ ಓಡಿಸುವ ಕ್ಯೂಎಂಯುನ ಪೂರ್ವನಿಯೋಜಿತ ಸಿಪಿಯು ಮಾದರಿ ಎವಿಎಕ್ಸ್ ಅನ್ನು ತೋರಿಸುವುದೇ ಇಲ್ಲ, ಹಾಗಾಗಿ ಅಲ್ಲಿ ನೇಟಿವ್ ಹಾಕಿಯೂ ಲಾಭ ಶೂನ್ಯ. ‘-ಸಿಪಿಯು ಹೋಸ್ಟ್’ ಕೊಟ್ಟರೆ ಕೆಳಗಿನ ಚಿಪ್ ಕಾಣುತ್ತದೆ.

ಕಂಪೈಲರ್ ಚಿಪ್‌ಗಿಂತ ಹಳೆಯದಾಗಿದ್ದರೆ ಅದಕ್ಕೆ ಆ ಚಿಪ್‌ನ ಹೆಸರೇ ಗೊತ್ತಿರುವುದಿಲ್ಲ. ನೇಟಿವ್ ಆಗ ತನಗೆ ತಿಳಿದ ಹತ್ತಿರದ ಮಾದರಿಗೆ ಇಳಿಯುತ್ತದೆ, ಹೆಸರು ಕೈಯಾರೆ ಬರೆದಿದ್ದರೆ ಬಿಲ್ಡ್ ದೋಷ ಕೊಟ್ಟು ನಿಲ್ಲುತ್ತದೆ. ಹೊಸ ಯಂತ್ರ ಕೊಂಡವರು ಫ್ಲ್ಯಾಗ್‌ಗಿಂತ ಮೊದಲು ಕಂಪೈಲರ್ ಹೊಸತು ಮಾಡಿಕೊಳ್ಳುವುದು ಒಳ್ಳೆಯದು.

ಫ್ಲ್ಯಾಗ್ ಹಾಕಿದ್ದೇನೆ, ನಿಧಾನವಾಯಿತು

ಇದು ಬಹಳ ಸಲ ಆಗುವ ಎಡವಟ್ಟು. ಆಟೋಕಾನ್ಫ್ ಎಂಬ ಬಿಲ್ಡ್ ಸಾಧನ ಬಳಸುವ ಪ್ರಾಜೆಕ್ಟ್‌ಗಳಲ್ಲಿ ಸಿಫ್ಲ್ಯಾಗ್ಸ್ (ಸಿ ಕಂಪೈಲರ್‌ಗೆ ಹೋಗುವ ಆಯ್ಕೆಗಳ ವೇರಿಯಬಲ್) ಖಾಲಿ ಇದ್ದರೆ ಕಾನ್ಫಿಗರ್ ಸ್ಕ್ರಿಪ್ಟ್ ತಾನೇ ‘-ಜಿ -ಓ2’ ತುಂಬುತ್ತದೆ; ‘-ಓ2’ ಎಂದರೆ ವೇಗಕ್ಕಾಗಿ ಕೋಡ್ ತಿದ್ದುವ ಆಪ್ಟಿಮೈಸೇಶನ್‌ನ ಎರಡನೇ ಮಟ್ಟ. ನೀವು ಏನಾದರೂ ಬರೆದರೆ ಅದು ಸೇರುವುದಿಲ್ಲ, ಇದ್ದದ್ದರ ಜಾಗದಲ್ಲಿ ಕೂರುತ್ತದೆ. ಅಂದರೆ

ಸಿಫ್ಲ್ಯಾಗ್ಸ್="-ಎಂಆರ್ಚ್=ನೇಟಿವ್" ./ಕಾನ್ಫಿಗರ್

ಎಂದ ಕೂಡಲೇ ‘-ಓ2’ ಮಾಯ. ಆಪ್ಟಿಮೈಸೇಶನ್ ಸೊನ್ನೆಗೆ ಇಳಿದ ಬೈನರಿ, ಮೇಲೆ ನೇಟಿವ್ ಎಂಬ ಅಲಂಕಾರ. ಬರೆಯಬೇಕಾದದ್ದು "-ಓ2 -ಎಂಆರ್ಚ್=ನೇಟಿವ್". ಸಿ++ ಕಡತಗಳಿಗೆ ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್ ಬೇರೆ, ಫೋರ್ಟ್ರಾನ್‌ಗೆ ಎಫ್‌ಫ್ಲ್ಯಾಗ್ಸ್ ಬೇರೆ. ಒಂದಕ್ಕೆ ಮಾತ್ರ ಹಾಕಿ ಉಳಿದದ್ದನ್ನು ಮರೆತರೆ ಅರ್ಧ ಪ್ರೋಗ್ರಾಂ 2003ರಲ್ಲೇ ಉಳಿಯುತ್ತದೆ.

ಇನ್ನೊಂದು ಬಿಲ್ಡ್ ಸಾಧನ ಸೀಮೇಕ್‌ನಲ್ಲಿ ಬೇರೆ ಬಲೆ. ಬಿಲ್ಡ್ ಟೈಪ್ ‘ರಿಲೀಸ್’ ಎಂದು ಹೇಳದಿದ್ದರೆ ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ಯಾವ ಆಪ್ಟಿಮೈಸೇಶನ್ನೂ ಇರುವುದಿಲ್ಲ. ಮತ್ತೆ, ಅದು ಪರಿಸರದ ಸಿಫ್ಲ್ಯಾಗ್ಸ್ ಅನ್ನು ಓದುವುದು ಮೊದಲ ಸಲ ಕಾನ್ಫಿಗರ್ ಮಾಡುವಾಗ ಮಾತ್ರ. ಆಮೇಲೆ ನೀವು ಎಷ್ಟೇ ಬದಲಿಸಿದರೂ ಕ್ಯಾಶ್‌ನಲ್ಲಿ ಕೂತ ಹಳೆಯ ಬೆಲೆಯೇ ನಡೆಯುತ್ತದೆ. ಬಿಲ್ಡ್ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಶುರು ಮಾಡುವುದೇ ತಲೆನೋವಿಲ್ಲದ ದಾರಿ.

ಕೈಯಿಂದ ಬರೆದ ಮೇಕ್‌ಫೈಲ್‌ಗಳಲ್ಲಿ ಫ್ಲ್ಯಾಗ್ ಬದಲಾದರೆ ಹಳೆಯ ಆಬ್ಜೆಕ್ಟ್ ಕಡತಗಳು ಮತ್ತೆ ಕಂಪೈಲ್ ಆಗುವುದಿಲ್ಲ. ‘ಮೇಕ್ ಕ್ಲೀನ್’ ಬೇಕು. ‘ಮೇಕ್ ಸಿಫ್ಲ್ಯಾಗ್ಸ್=...’ ಎಂದು ಕಮಾಂಡ್ ಸಾಲಿನಲ್ಲೇ ಕೊಟ್ಟರೆ ಮೇಕ್‌ಫೈಲ್ ಒಳಗೆ ಅದೇ ಹೆಸರಿಗೆ ಸೇರಿಸಿದ್ದ ಇನ್‌ಕ್ಲೂಡ್ ದಾರಿಗಳೂ ಹಾರಿಹೋಗಿ, ಹೆಡರ್ ಸಿಗಲಿಲ್ಲ ಎಂಬ ಸಂಬಂಧವಿಲ್ಲದ ದೋಷ ಬರಬಹುದು.

ಒಂದೇ ಸಾಲಿನಲ್ಲಿ ಎರಡು ‘-ಎಂಆರ್ಚ್’ ಇದ್ದರೆ ಕೊನೆಯದ್ದು ಗೆಲ್ಲುತ್ತದೆ. ಪ್ರಾಜೆಕ್ಟ್ ತನ್ನದನ್ನು ನಿಮ್ಮದರ ನಂತರ ಸೇರಿಸಿದರೆ ನಿಮ್ಮದು ಇದ್ದೂ ಇಲ್ಲದಂತೆ. ನಿಜವಾಗಿ ಏನು ಹೋಯಿತೆಂದು ತಿಳಿಯಲು ಕಂಪೈಲ್ ಸಾಲನ್ನೇ ಓದಬೇಕು: ಆಟೋಮೇಕ್‌ಗೆ ‘ಮೇಕ್ ವಿ=1’, ಸೀಮೇಕ್‌ನ ಮೇಕ್‌ಫೈಲ್‌ಗೆ ‘ವರ್ಬೋಸ್=1’, ನಿಂಜಾಗೆ ‘-ವಿ’.

ಎಲ್ಲ ಸರಿಯಿದ್ದೂ ವೇಗ ಕಾಣದಿದ್ದರೆ ವೆಕ್ಟರೈಸೇಶನ್ (ಲೂಪ್‌ನ ಹಲವು ಸುತ್ತುಗಳನ್ನು ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಸುವುದು) ನಡೆದಿದೆಯೇ ನೋಡಿ. ಜಿಸಿಸಿ 12ಕ್ಕಿಂತ ಮುಂಚೆ ‘-ಓ2’ನಲ್ಲಿ ಲೂಪ್‌ಗಳನ್ನು ತಾನಾಗಿ ವೆಕ್ಟರ್ ಮಾಡುತ್ತಿರಲಿಲ್ಲ, ‘-ಓ3’ ಬೇಕಿತ್ತು. 12ರಿಂದ ‘-ಓ2’ನಲ್ಲೂ ಮಾಡುತ್ತದೆ, ಬಹಳ ಜಿಪುಣತನದಿಂದ. ‘-ಎಫ್‌ಆಪ್ಟ್-ಇನ್ಫೋ-ವೆಕ್’ ಸೇರಿಸಿದರೆ ಯಾವ ಸಾಲಿನ ಲೂಪ್ ಎಷ್ಟು ಬೈಟ್‌ನ ವೆಕ್ಟರ್ ಆಯಿತೆಂದು ಹೇಳುತ್ತದೆ: ಬುಡದ ಆರ್ಚ್‌ನಲ್ಲಿ 16, ಎವಿಎಕ್ಸ್2ರಲ್ಲಿ 32. ಎರಡು ಬಿಲ್ಡ್‌ಗಳ ಈ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಫ್ಲ್ಯಾಗ್‌ನಿಂದ ಏನಾದರೂ ಆಯಿತೇ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಬೀಳುವಾಗ ಹೇಗೆ ಬೀಳುತ್ತದೆ

ಪ್ರೊಸೆಸರ್‌ಗೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್ ಎದುರಾದರೆ ಲಿನಕ್ಸ್ ಪ್ರೋಗ್ರಾಂಗೆ ಸಿಗ್‌ಇಲ್ ಕಳಿಸುತ್ತದೆ. ಪರದೆಯ ಮೇಲೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’, ಶೆಲ್‌ನಲ್ಲಿ ನಿರ್ಗಮನ ಸಂಖ್ಯೆ 132. ಸಿಗ್ನಲ್ ಸಂಖ್ಯೆ 4, ಅದಕ್ಕೆ 128 ಸೇರಿದ ಲೆಕ್ಕ. ಕಂಟೇನರ್ ಲಾಗ್‌ನಲ್ಲಿ ಬೇರೇನೂ ಇಲ್ಲದೆ ಬರೀ 132 ಕಂಡರೆ ಮೊದಲು ಅನುಮಾನಿಸಬೇಕಾದದ್ದು ಆರ್ಚ್ ಫ್ಲ್ಯಾಗನ್ನೇ. ದೋಷ ಹುಡುಕುವ ಸಾಧನ ಜಿಡಿಬಿಯಲ್ಲಿ ಪ್ರೋಗ್ರಾಂ ಓಡಿಸಿ, ನಿಂತ ಜಾಗದಲ್ಲಿ ‘ಎಕ್ಸ್/ಐ $ಪಿಸಿ’ ಎಂದರೆ ತಪ್ಪಿತಸ್ಥ ಇನ್‌ಸ್ಟ್ರಕ್ಷನ್ ಕಾಣುತ್ತದೆ. ಅದು ‘ವಿ’ಯಿಂದ ಶುರುವಾಗಿ ವೈಎಂಎಂ ರಿಜಿಸ್ಟರ್ ಮುಟ್ಟುತ್ತಿದ್ದರೆ ಎವಿಎಕ್ಸ್, ಝಡ್‌ಎಂಎಂ ಇದ್ದರೆ ಎವಿಎಕ್ಸ್-512. ಬಿದ್ದದ್ದು ನಿಮ್ಮ ಕೋಡ್‌ನಲ್ಲೋ ಯಾವುದೋ ಲೈಬ್ರರಿಯಲ್ಲೋ ಎಂಬುದನ್ನು ಬ್ಯಾಕ್‌ಟ್ರೇಸ್ ಹೇಳುತ್ತದೆ.

ಇಷ್ಟು ಸದ್ದು ಮಾಡಿ ಬಿದ್ದರೆ ಅದು ಅದೃಷ್ಟವೇ. ಎಲ್‌ಝಡ್‌ಕೌಂಟ್ ಹಾಗೆ ಬೀಳುವುದಿಲ್ಲ. ಒಂದು ಸಂಖ್ಯೆಯ ಎಡತುದಿಯಲ್ಲಿ ಎಷ್ಟು ಸೊನ್ನೆ ಬಿಟ್‌ಗಳಿವೆ ಎಂದು ಎಣಿಸುವ ಈ ಇನ್‌ಸ್ಟ್ರಕ್ಷನ್‌ನ ಬೈಟ್‌ಗಳು ಹಳೆಯ ಬಿಎಸ್‌ಆರ್ ಇನ್‌ಸ್ಟ್ರಕ್ಷನ್‌ನ ಬೈಟ್‌ಗಳೇ, ಮುಂದೆ ಒಂದು ‘ರೆಪ್’ ಪ್ರಿಫಿಕ್ಸ್ ಸೇರಿಸಿದ್ದು ಅಷ್ಟೆ. ಎಲ್‌ಝಡ್‌ಕೌಂಟ್ ಗೊತ್ತಿಲ್ಲದ ಐವಿ ಬ್ರಿಡ್ಜ್‌ನಂಥ ಚಿಪ್ ಆ ಪ್ರಿಫಿಕ್ಸನ್ನು ಕಡೆಗಣಿಸಿ ಬಿಎಸ್‌ಆರ್ ಅನ್ನೇ ಓಡಿಸುತ್ತದೆ. ಬಿಎಸ್‌ಆರ್ ಹೇಳುವುದು ಅತಿ ಮೇಲಿನ 1ರ ಸ್ಥಾನ. 32-ಬಿಟ್‌ನಲ್ಲಿ 1 ಎಂಬ ಸಂಖ್ಯೆಗೆ ಎಡಗಡೆಯ ಸೊನ್ನೆಗಳು 31. ಹಳೆಯ ಚಿಪ್ ಕೊಡುವ ಉತ್ತರ 0. ಅತಿ ಮೇಲಿನ ಬಿಟ್ ಮಾತ್ರ 1 ಇರುವ ಸಂಖ್ಯೆಗೆ ಬರಬೇಕಾದದ್ದು 0, ಬರುವುದು 31. ದೋಷ ಸಂದೇಶ ಇಲ್ಲ, ಸಿಗ್ನಲ್ ಇಲ್ಲ. ಮೆಮೊರಿ ಹಂಚುವ ಕೋಡ್‌ನಲ್ಲೋ ಕಂಪ್ರೆಷನ್‌ನಲ್ಲೋ ಈ ಎಣಿಕೆ ಸದಾ ಬಳಕೆಯಾಗುತ್ತದೆ, ಹಾಳಾದದ್ದು ಎಲ್ಲೋ ದೂರದಲ್ಲಿ ಬೇರೆ ರೂಪದಲ್ಲಿ ಹೊರಬೀಳುತ್ತದೆ. ಇದರ ಜೊತೆಗಾರ ಟಿಝಡ್‌ಕೌಂಟ್‌ಗೂ ಇದೇ ಕಥೆ, ಆದರೆ ಅದು ಬಿಎಸ್‌ಎಫ್ ಆಗಿ ಓಡಿದಾಗ ಸೊನ್ನೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಒಂದೇ ಬರುವುದರಿಂದ ಹಾನಿ ಕಡಿಮೆ.

ಎಫ್‌ಎಂಎ ಇನ್ನೊಂದು ಬಗೆಯದು. ಇಲ್ಲಿ ಪ್ರೊಸೆಸರ್ ಸರಿಯಾದದ್ದೇ, ಆದರೂ ಉತ್ತರ ಬದಲಾಗುತ್ತದೆ. ಗುಣಾಕಾರ ಮಾಡಿ ಕೂಡಿಸುವಾಗ ಸಾಮಾನ್ಯವಾಗಿ ಎರಡು ಸಲ ಅಂದಾಜು ಸುತ್ತುವಿಕೆ ನಡೆಯುತ್ತದೆ, ಎಫ್‌ಎಂಎಯಲ್ಲಿ ಒಂದೇ ಸಲ. ಜಿಸಿಸಿ ತನ್ನ ಮಾಮೂಲಿ ಸ್ಥಿತಿಯಲ್ಲಿ ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಫಾಸ್ಟ್’ ಎಂದುಕೊಂಡಿರುವುದರಿಂದ ‘ವಿ3’ಗೆ ಏರಿಸಿದ ಕೂಡಲೇ ಇಂಥ ಜೋಡಿಗಳನ್ನು ಒಂದಾಗಿಸುತ್ತದೆ. ಉತ್ತರ ಹೆಚ್ಚಾಗಿ ಇನ್ನೂ ನಿಖರ. ಆದರೆ ವರ್ಗಸಮೀಕರಣದ ‘ಬಿ*ಬಿ - 4*ಎ*ಸಿ’ ಯೋಚಿಸಿ: ಒಂದು ಗುಣಲಬ್ಧ ಸುತ್ತಿದ್ದು, ಇನ್ನೊಂದು ಸುತ್ತದೇ ಇದ್ದದ್ದು. ಎರಡೂ ಸಮ ಬಂದು ಸೊನ್ನೆಯಾಗುತ್ತಿದ್ದ ಕಡೆ ಈಗ ಅತಿ ಸಣ್ಣ ಋಣಸಂಖ್ಯೆ ಉಳಿಯಬಹುದು, ಅದರ ವರ್ಗಮೂಲ ಕೇಳಿದರೆ ಎನ್‌ಎಎನ್, ಅಂದರೆ ‘ಸಂಖ್ಯೆಯೇ ಅಲ್ಲ’. ಪ್ರಾಜೆಕ್ಟ್‌ನ ಟೆಸ್ಟ್‌ಗಳು ಫ್ಲ್ಯಾಗ್ ಬದಲಿಸಿದ ಮೇಲೆ ಕೊನೆಯ ದಶಮಾಂಶದಲ್ಲಿ ಸೋತರೆ ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್’ ಹಾಕಿ ಮತ್ತೆ ಓಡಿಸಿ. ಸರಿಹೋದರೆ ಕಾರಣ ಸಿಕ್ಕಿತು. 64-ಬಿಟ್ ಆರ್ಮ್‌ನಲ್ಲಿ ಎಫ್‌ಎಂಎ ಬುಡದಲ್ಲೇ ಇರುವುದರಿಂದ ಯಾವ ಫ್ಲ್ಯಾಗೂ ಇಲ್ಲದೆ ಈ ವ್ಯತ್ಯಾಸ ಅಲ್ಲಿ ಕಾಣಿಸಬಹುದು.

ಅರ್ಧಂಬರ್ಧ ಬೆರೆಸಿದಾಗ

ಇಡೀ ಪ್ರೋಗ್ರಾಂ ಬುಡದ ಆರ್ಚ್‌ನಲ್ಲೇ ಇರಲಿ, ಬಿಸಿ ಕಡತ (ಹೆಚ್ಚಿನ ಸಮಯ ತಿನ್ನುವ ಕೋಡ್ ಇರುವುದು) ಒಂದನ್ನು ಮಾತ್ರ ‘-ಎಂಎವಿಎಕ್ಸ್2’ನಲ್ಲಿ ಕಟ್ಟಿ, ಪ್ರೊಸೆಸರ್ ನೋಡಿ ಅದನ್ನು ಕರೆಯೋಣ ಎಂಬ ಯೋಜನೆ ಕೇಳಲು ಚೆನ್ನ. ಸಿ++ನಲ್ಲಿ ಇದು ಕೈಕೊಡುತ್ತದೆ. ಆ ಕಡತ ಯಾವುದೋ ಹೆಡರ್‌ನ ಟೆಂಪ್ಲೇಟ್ ಫಂಕ್ಷನ್ ಬಳಸಿದರೆ ಅದರ ಎವಿಎಕ್ಸ್2 ಪ್ರತಿಯೂ ಆಬ್ಜೆಕ್ಟ್‌ನಲ್ಲಿ ಸೇರುತ್ತದೆ. ಬೇರೆ ಕಡತಗಳಲ್ಲಿ ಅದೇ ಫಂಕ್ಷನ್‌ನ ಸಾದಾ ಪ್ರತಿ ಇರುತ್ತದೆ. ಲಿಂಕರ್‌ಗೆ ಎರಡೂ ಒಂದೇ ಹೆಸರು, ಒಂದನ್ನು ಉಳಿಸಿ ಉಳಿದದ್ದನ್ನು ಎಸೆಯುತ್ತದೆ. ಉಳಿದದ್ದು ಎವಿಎಕ್ಸ್2 ಪ್ರತಿಯಾದರೆ ಹಳೆಯ ಯಂತ್ರದಲ್ಲಿ, ಪರೀಕ್ಷೆಗೆ ಒಳಪಡದ ಯಾವುದೋ ಮೂಲೆಯಲ್ಲಿ ಪ್ರೋಗ್ರಾಂ ಬೀಳುತ್ತದೆ. ಬಿಸಿ ಕಡತದಲ್ಲಿ ಹೆಡರ್ ಟೆಂಪ್ಲೇಟ್‌ಗಳನ್ನು ಮುಟ್ಟದೆ, ಫಂಕ್ಷನ್‌ಗಳನ್ನು ಸ್ಟ್ಯಾಟಿಕ್ ಮಾಡಿ ಇಟ್ಟರೆ ಪಾರು.

ಲೈಬ್ರರಿಗೂ ಪ್ರೋಗ್ರಾಂಗೂ ಬೇರೆ ಬೇರೆ ಆರ್ಚ್ ಇದ್ದಾಗ ಡೇಟಾ ವಿನ್ಯಾಸವೇ ಬದಲಾಗುವುದೂ ಉಂಟು. ಐಗನ್ ಎಂಬ ಸಿ++ ಲೈಬ್ರರಿ ಎವಿಎಕ್ಸ್ ಇದ್ದರೆ 32 ಬೈಟ್, ಇಲ್ಲದಿದ್ದರೆ 16 ಬೈಟ್ ಅಲೈನ್‌ಮೆಂಟ್ (ಡೇಟಾ ಎಷ್ಟರ ಗುಣಕದ ವಿಳಾಸದಲ್ಲಿ ಶುರುವಾಗಬೇಕು ಎಂಬುದು) ಇಟ್ಟುಕೊಳ್ಳುತ್ತದೆ. ಒಂದು ಕಡೆ 16ಕ್ಕೆ ಹಂಚಿದ ಮೆಮೊರಿಯನ್ನು ಇನ್ನೊಂದು ಕಡೆ 32 ಎಂದು ನಂಬಿ ಓದಿದರೆ ಸೆಗ್‌ಫಾಲ್ಟ್. ಇಲ್ಲಿ 132 ಕಾಣುವುದಿಲ್ಲ, 139 ಕಾಣುತ್ತದೆ, ಹಾಗಾಗಿ ಯಾರೂ ಆರ್ಚ್ ಫ್ಲ್ಯಾಗ್ ಕಡೆ ನೋಡುವುದಿಲ್ಲ.

ಸಿಯಲ್ಲಿ ಬರೆಯುವವರಿಗೆ ಇದಕ್ಕಿಂತ ನೀಟಾದ ದಾರಿ ಜಿಸಿಸಿಯ ‘ಟಾರ್ಗೆಟ್_ಕ್ಲೋನ್ಸ್’ ಆಟ್ರಿಬ್ಯೂಟ್: ಒಂದೇ ಫಂಕ್ಷನ್‌ಗೆ ‘ಡೀಫಾಲ್ಟ್’, ‘ಎವಿಎಕ್ಸ್2’ ಎಂದು ಹೆಸರು ಕೊಟ್ಟರೆ ಕಂಪೈಲರೇ ಎರಡು ಪ್ರತಿ ಮಾಡಿ, ಓಡುವಾಗ ಯಂತ್ರ ನೋಡಿ ಆರಿಸುವ ಏರ್ಪಾಡನ್ನೂ ಕಟ್ಟುತ್ತದೆ. ಗ್ಲಿಬ್‌ಸಿಯ ಮೆಮ್‌ಕಾಪಿ, ಓಪನ್‌ಎಸ್‌ಎಸ್‌ಎಲ್, ಎಫ್‌ಎಫ್‌ಎಂಪೆಗ್ ಇವೆಲ್ಲ ಬಹಳ ಕಾಲದಿಂದ ತಾವೇ ಪ್ರೊಸೆಸರ್ ನೋಡಿ ಸೂಕ್ತ ಕೋಡ್ ಆರಿಸಿಕೊಳ್ಳುತ್ತವೆ. ಅವುಗಳಿಗೆ ‘-ಎಂಆರ್ಚ್=ನೇಟಿವ್’ ಹಾಕಿ ವಾರಾಂತ್ಯ ಕಳೆದರೆ ಸಿಗುವುದು ಅತ್ಯಲ್ಪ. ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ಓಪನ್‌ಬ್ಲಾಸ್ ಅನ್ನು ಹಲವು ಯಂತ್ರಗಳಿಗೆ ಕಟ್ಟುವುದಾದರೆ ‘ಡೈನಾಮಿಕ್_ಆರ್ಚ್=1’ ಕೊಡಿ. ಹಾಗೆಂದೇ ಬೈನರಿಯನ್ನು ಆಬ್ಜ್‌ಡಂಪ್ ಎಂಬ ಸಾಧನದಲ್ಲಿ ಬಿಚ್ಚಿ ವೈಎಂಎಂ ಕಂಡ ಮಾತ್ರಕ್ಕೆ ಅದು ಹಳೆಯ ಯಂತ್ರದಲ್ಲಿ ಬೀಳುತ್ತದೆ ಎಂದು ತೀರ್ಮಾನಿಸಲಾಗದು.

ಲಾಭ ಸಿಗುವ ಕಡೆಯೂ ಇದೆ. ನೀವೇ ಬರೆದ ಸಂಖ್ಯಾಲೆಕ್ಕದ ಲೂಪ್‌ಗಳು, ಇಮೇಜ್ ಸಂಸ್ಕರಣೆ, ಸಿಮ್ಯುಲೇಶನ್, ಐಗನ್‌ನಂತೆ ಹೆಡರ್‌ನಲ್ಲೇ ಎಲ್ಲ ಇರುವ ಲೈಬ್ರರಿಗಳು: ಇಲ್ಲಿ ಬುಡದಿಂದ ‘ವಿ3’ಗೆ ಏರಿದರೆ ವ್ಯತ್ಯಾಸ ಗಡಿಯಾರದಲ್ಲೇ ಕಾಣುತ್ತದೆ. ಎಡಿಟರ್, ಶೆಲ್, ಡಿಸ್ಕ್ ಅಥವಾ ನೆಟ್‌ವರ್ಕ್‌ಗೆ ಕಾಯುತ್ತಾ ಕೂರುವ ಸೇವೆಗಳಲ್ಲಿ ಕಾಣುವುದಿಲ್ಲ. ‘ವಿ4’ ಬಗ್ಗೆ ಹೆಚ್ಚು ಆಸೆ ಬೇಡ. ಸ್ಕೈಲೇಕ್ ಸರ್ವರ್ ಚಿಪ್‌ಗಳು ಭಾರಿ ಎವಿಎಕ್ಸ್-512 ಕೆಲಸ ಬಂದಾಗ ಗಡಿಯಾರದ ವೇಗ ಇಳಿಸುತ್ತಿದ್ದವು, ಅದಕ್ಕಾಗಿಯೇ ಜಿಸಿಸಿ ‘ಸ್ಕೈಲೇಕ್-ಎವಿಎಕ್ಸ್512’ ಎಂದರೂ 256-ಬಿಟ್ ವೆಕ್ಟರನ್ನೇ ಇಷ್ಟಪಡುತ್ತದೆ.

ಆರ್ಮ್ ಮತ್ತು ಇತರೆ

ರಾಸ್ಪ್‌ಬೆರಿ ಪೈ 4ಕ್ಕೆ ‘-ಎಂಸಿಪಿಯು=ಕಾರ್ಟೆಕ್ಸ್-ಎ72’, ಪೈ 5ಕ್ಕೆ ‘ಕಾರ್ಟೆಕ್ಸ್-ಎ76’. ಪೈ 4ರ ಚಿಪ್‌ನಲ್ಲಿ ಎಇಎಸ್ (ಗೂಢಲಿಪೀಕರಣದ) ಇನ್‌ಸ್ಟ್ರಕ್ಷನ್‌ಗಳಿಲ್ಲ, ಹಾಗಾಗಿ ಬೇರೆ ಎ72 ಬೋರ್ಡ್‌ಗೆಂದು ಬರೆದ ‘+ಕ್ರಿಪ್ಟೊ’ ಬಾಲವನ್ನು ಇಲ್ಲಿ ಅಂಟಿಸಬೇಡಿ. ಪೈ 5ರಲ್ಲಿ ಎಲ್‌ಎಸ್‌ಇ ಎಂಬ ಹೊಸ ಅಟಾಮಿಕ್ ಇನ್‌ಸ್ಟ್ರಕ್ಷನ್‌ಗಳಿವೆ, ಪೈ 4ರಲ್ಲಿ ಇಲ್ಲ. ಜಿಸಿಸಿ 10ರಿಂದ ‘-ಎಂಔಟ್‌ಲೈನ್-ಅಟಾಮಿಕ್ಸ್’ ತಾನಾಗಿ ಚಾಲೂ ಇರುವುದರಿಂದ ಸಾಮಾನ್ಯ ಬಿಲ್ಡ್ ಎರಡರಲ್ಲೂ ಓಡಿ, ಇದ್ದ ಕಡೆ ಹೊಸದನ್ನೇ ಬಳಸುತ್ತದೆ.

ರಸ್ಟ್‌ನಲ್ಲಿ ಇದೇ ಕೆಲಸಕ್ಕೆ ರಸ್ಟ್‌ಫ್ಲ್ಯಾಗ್ಸ್="-ಸಿ ಟಾರ್ಗೆಟ್-ಸಿಪಿಯು=ನೇಟಿವ್", ಅಲ್ಲಿಯ ‘ಸಿ’ ದೊಡ್ಡಕ್ಷರ. ಗೋ ಭಾಷೆಯಲ್ಲಿ 1.18ರಿಂದ ‘ಗೋಎಎಂಡಿ64=ವಿ3’; ಅಲ್ಲಿ ಹಳೆಯ ಯಂತ್ರ ಸಿಕ್ಕರೆ ಪ್ರೋಗ್ರಾಂ ಆರಂಭದಲ್ಲೇ ಕಾರಣ ಹೇಳಿ ನಿಲ್ಲುತ್ತದೆ, ಸಿಯಂತೆ ನಡುದಾರಿಯಲ್ಲಿ ಬೀಳುವುದಿಲ್ಲ. ಸಿಯಲ್ಲೂ ಇಂಥ ಕಾವಲು ಬೇಕಿದ್ದರೆ ಬುಡದ ಆರ್ಚ್‌ನಲ್ಲಿ ಕಟ್ಟಿದ ಸಣ್ಣ ಆರಂಭಿಕ ಕಡತವೊಂದರಲ್ಲಿ ‘__ಬಿಲ್ಟಿನ್_ಸಿಪಿಯು_ಸಪೋರ್ಟ್ಸ್’ ಕರೆದು, ಇಲ್ಲದಿದ್ದರೆ ಸಂದೇಶ ಬರೆದು ಹೊರಬನ್ನಿ. ಆ ಕಡತಕ್ಕೆ ಅಪ್ಪಿತಪ್ಪಿಯೂ ‘ವಿ3’ ಫ್ಲ್ಯಾಗ್ ತಾಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಕಾವಲುಗಾರನೇ ಮೊದಲು ಬೀಳುತ್ತಾನೆ.